ಪಿಸ್ತಾ ಬಣ್ಣದ ಕಾರು ಮಾರಿದ ಶುಕ್ರವಾರ

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ನಾನು ಯಾರ ಬಾಗಿಲಿಗೂ ಕಿವಿಗೊಡಬೇಕಾಗಿಲ್ಲ. ಬಟ್ಟೆ ಹೇಳುತ್ತದೆ. ನನ್ನ ಹೆಸರು ಸಾಬಿರ್, ಇಸ್ತ್ರಿಯವನು. ಅಲೆಕ್ಸಾಂಡ್ರಿಯಾದ ಮುಹರ್ರಮ್ ಬೇ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಇದೇ ಅಂಗಡಿ. ವಗ್ದಿಯವರ ಗುಟ್ಟು ನನಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಆದ್ದರಿಂದ ತಪ್ಪೆಲ್ಲ ಅವರೊಬ್ಬರದೇ ಎಂಬಂತೆ ಈ ಕಥೆಯನ್ನು ನಾನು ಹೇಳಲಾರೆ.

ವಗ್ದಿ ನನ್ನ ಅಂಗಡಿಯ ಎದುರು ಕಟ್ಟಡದ ನಾಲ್ಕನೇ ಮಹಡಿಯವರು. ಮೂವತ್ತನಾಲ್ಕು ವರ್ಷ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎತ್ತರದ ಆಳು, ಮೆಲುಮಾತು. ಅಂಗಿಯ ಕಾಲರಿನಲ್ಲಿ ಒಂದು ಸುಕ್ಕು ಉಳಿದರೂ ವಾಪಸು ತಂದುಕೊಡುತ್ತಿದ್ದರು. ಅವರ ಹೆಂಡತಿ ಇಹ್ಸಾನ್, ಕರ್ಮೂಜ್ ಬೀದಿಯ ಟಿಂಕರ್ ಬದವಿಯ ಒಬ್ಬಳೇ ಮಗಳು. ಬದವಿಗೆ ಗಂಡುಮಕ್ಕಳಿರಲಿಲ್ಲ. ಮಗಳು ಶಾಲೆಯಿಂದ ಬಂದವಳೇ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ಅಪ್ಪನ ಜೊತೆ ಕಾರುಗಳ ನೆಗ್ಗಿದ ಬಾಗಿಲು, ಮಡ್‌ಗಾರ್ಡು ತಟ್ಟಿ ಸರಿಮಾಡುತ್ತಿದ್ದಳಂತೆ. ಮದುವೆಯ ಮಾತುಕತೆಯಲ್ಲಿ ವಗ್ದಿಯ ತಾಯಿ ಹಾಕಿದ್ದು ಒಂದೇ ಷರತ್ತು: ಸುತ್ತಿಗೆ ಅಪ್ಪನ ಮನೆಯಲ್ಲೇ ಉಳಿಯಬೇಕು. ಇಹ್ಸಾನ್ ಒಪ್ಪಿದರು. ಮೂವತ್ತೇಳು ವರ್ಷ ಮುಟ್ಟಲಿಲ್ಲ.

ನಿವೃತ್ತರಾದ ವರ್ಷ ವಗ್ದಿ ಒಂದು ಹಳೆಯ ಫಿಯಟ್ 128 ಕೊಂಡರು. ಎಪ್ಪತ್ತೆಂಟರ ಕಾರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಆಸೆಪಟ್ಟು, ಕೊಳ್ಳಲಾಗದೆ ಬಿಟ್ಟಿದ್ದು ಅದನ್ನೇ. ಹತ್ತಿ ಗೋದಾಮೊಂದರ ಹಿಂದೆ ಎಷ್ಟು ವರ್ಷ ಬಿದ್ದಿತ್ತೋ, ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಲಾರಿಯ ಮೇಲೆ ತಂದು, ತಮ್ಮ ಕಟ್ಟಡದ ಕೆಳಗೆ ಬಾಡಿಗೆಗೆ ಹಿಡಿದಿದ್ದ ಮಳಿಗೆಯಲ್ಲಿ ಇಳಿಸಿದರು. ಮೂರು ಗ್ಯಾರೇಜಿನವರು ಬಂದು ನೋಡಿದರು. ಮೂವರೂ ಗುಜರಿಗೆ ಹಾಕಿ ಎಂದರು. ಆ ಸಂಜೆ ಇಹ್ಸಾನ್ ಕೆಳಗಿಳಿದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರಂತೆ. ಬಗ್ಗಿ ನೆಲದ ತೂತಿನಲ್ಲಿ ಬೆರಳು ಆಡಿಸಿ, ಎದ್ದು ನಿಂತು ಗಂಡನಿಗೆ ಹೇಳಿದರಂತೆ:

"ಶಟರ್ ಎಳೀರಿ."

ಮೂರು ವರ್ಷ ಆ ಶಟರ್ ಹಿಂದೆ ಸುತ್ತಿಗೆಯ ಸದ್ದು ಕೇಳಿತು. ಯಾರಾದರೂ ಕೇಳಿದರೆ ನಾನೇ ಮಾಡುತ್ತಿದ್ದೇನೆ ಎನ್ನಿ ಎಂದು ಹೇಳಿಕೊಟ್ಟವರೂ ಇಹ್ಸಾನ್ ಅವರೇ. ಮಗಳು ನಹ್ಲಾಳನ್ನು ಮನ್ಸೂರಾದ ದೊಡ್ಡ ಮನೆತನಕ್ಕೆ ಕೊಟ್ಟಿದ್ದರು. ಬೀಗಿತ್ತಿ ಕಾರಿನಡಿ ಮಲಗಿ ತಗಡು ಬಡಿಯುತ್ತಾಳೆ ಎಂದು ಅಲ್ಲಿ ಗೊತ್ತಾಗುವುದು ಅವರಿಗೆ ಬೇಕಿರಲಿಲ್ಲ. ವಗ್ದಿಯೂ ಸುಮ್ಮನೆ ಕೂತವರಲ್ಲ. ಬಿಡಿಭಾಗಕ್ಕಾಗಿ ತಂತಾ, ಕೈರೋ, ಇಸ್ಮಾಯಿಲಿಯಾ ಎಲ್ಲ ಅಲೆದರು, ಮರಳುಕಾಗದ ಹಿಡಿದು ಹೆಂಡತಿ ತೋರಿಸಿದ ಕಡೆ ಉಜ್ಜಿದರು. ಬಣ್ಣ ಹೊಡೆಯುವುದಕ್ಕೆ ಮಾತ್ರ ಹೊರಗಿನವನು ಬಂದಿದ್ದ. ತಗಡಿನ ಕೆಲಸ, ವೆಲ್ಡಿಂಗ್ ಎಲ್ಲ ಇಹ್ಸಾನ್ ಅವರದೇ.

ನನಗೆ ಗೊತ್ತಾದದ್ದು ಬಟ್ಟೆಯಿಂದ. ಮೂರು ವರ್ಷ ವಗ್ದಿಯ ಅಂಗಿಗಳು ಮೊದಲಿನ ಹಾಗೇ ಬರುತ್ತಿದ್ದವು. ಇಹ್ಸಾನ್ ಅವರ ಮನೆಯುಡುಪಿನ ತೋಳುಗಳಲ್ಲಿ ಮಾತ್ರ ಸೂಜಿಮೊನೆಯಷ್ಟು ಸುಟ್ಟ ತೂತುಗಳು, ಮೊಣಕಾಲಿನ ಜಾಗದಲ್ಲಿ ಒಗೆದರೂ ಹೋಗದ ತುಕ್ಕಿನ ಕಲೆ. ಹೆಂಗಸರನ್ನು ನಾವು ಗೌರವದಿಂದ ಸಿತ್ ಎನ್ನುತ್ತೇವೆ; ಒಂದು ದಿನ ಗಂಟು ಕೊಡುವಾಗ ಕೇಳಿಯೇಬಿಟ್ಟೆ.

"ಏನ್ ಸಿತ್ ಇಹ್ಸಾನ್, ನಿಮ್ಮ ಒಲೆ ಇಷ್ಟೊಂದು ಕಿಡಿ ಹಾರಿಸುತ್ತಾ?"

"ನಿನ್ನ ಇಸ್ತ್ರಿಪೆಟ್ಟಿಗೆಗೆ ಬಾಯಿ ಇದೆಯೇನೋ ಸಾಬಿರ್?"

"ಇಲ್ಲ."

"ಅದನ್ನ ನೋಡಿ ಕಲಿ."

ಕಾರು ಸಿದ್ಧವಾಗಿ ಹೊರಬಂದ ದಿನ ಇಡೀ ಬೀದಿ ಬಾಲ್ಕನಿಗಳಲ್ಲಿ ನಿಂತಿತ್ತು. ತೆಳು ಪಿಸ್ತಾ ಬಣ್ಣ, ಕನ್ನಡಿಯಂಥ ಬಂಪರ್. ಕಾಫಿಖಾನೆಯ ದಿಸೂಕಿ ಗದ್ದಲಕ್ಕೆ ಹೆಸರಾದವನು. ಅವನು ಬೀದಿಯ ಆ ತುದಿಯಿಂದಲೇ ಕೂಗಿದ: "ಸಲಾಂ, ಉಸ್ತಾ ವಗ್ದಿ!"

ನಮ್ಮಲ್ಲಿ ಕಚೇರಿಯವರನ್ನು ಉಸ್ತಾಜ್ ಎನ್ನುತ್ತೇವೆ, ಕೈಕಸುಬಿನಲ್ಲಿ ಪಳಗಿದವನನ್ನು ಉಸ್ತಾ ಎನ್ನುತ್ತೇವೆ. ಜೀವನವಿಡೀ ಉಸ್ತಾಜ್ ಆಗಿದ್ದವರಿಗೆ ಆ ಹೊಸ ಹೆಸರು ಎಲ್ಲಿ ತಾಗಿತೋ, ಕಿವಿಯ ತನಕ ಕೆಂಪಾದರು. ಅಲ್ಲಿಂದಲೇ ಕೆಟ್ಟಿತು ಎಂದು ಈಗ ಅನ್ನಿಸುತ್ತದೆ. ಕೇಳಿದವರಿಗೆ ಮಾತ್ರ ಹೇಳಬೇಕಿದ್ದ ಸುಳ್ಳನ್ನು ಕೇಳದವರಿಗೂ ಹೇಳತೊಡಗಿದರು. ತಗಡಿನ ಗುಣ, ಸುತ್ತಿಗೆಯ ತೂಕ ಎಂದು ಕಾಫಿಖಾನೆಯಲ್ಲಿ ಉಪದೇಶ ಶುರುವಾಯಿತು. ಹೆಂಡತಿ ಊಟಕ್ಕೆ ಕೂತಾಗ ಆಡಿದ ಮಾತು ಮರುದಿನ ದಿಸೂಕಿಯ ಮೇಜಿನ ಮೇಲೆ ಇವರ ಬಾಯಲ್ಲಿ ಬರುತ್ತಿತ್ತು. ಹಳೆಯ ಕಾರುಗಳ ಕೂಟದವರು ಬಂದು ಫೋಟೋ ತೆಗೆದರು. ಅದರಲ್ಲಿ ವಗ್ದಿ ಸುತ್ತಿಗೆಯನ್ನು ಹಿಂದುಮುಂದಾಗಿ ಹಿಡಿದಿದ್ದಾರೆ. ಆ ಫೋಟೋ ನೋಡಿ ಇಹ್ಸಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಆಗ ಇನ್ನೂ ನಗುತ್ತಿದ್ದರು.

ಒಂದೂವರೆ ವರ್ಷದ ಮೇಲೆ ಕಟ್ಟಡದ ಯಜಮಾನ ಮಳಿಗೆ ಬಿಡಿ ಎಂದ. ಅಲ್ಲಿ ಔಷಧಿ ಅಂಗಡಿ ಬರಬೇಕಿತ್ತು. ಕಾರನ್ನು ಬೀದಿಯಲ್ಲಿ ನಿಲ್ಲಿಸಿದರೆ ಎರಡು ಚಳಿಗಾಲದಲ್ಲಿ ಕಡಲಿನ ಉಪ್ಪುಗಾಳಿ ತಿಂದುಹಾಕುತ್ತದೆ. ವಗ್ದಿ ತಿಂಗಳುಗಟ್ಟಲೆ ಬೇರೆ ಜಾಗ ಹುಡುಕಿದರು, ಸಿಗಲಿಲ್ಲ. ಕೊನೆಗೆ ಇಹ್ಸಾನ್ ಅವರೇ, "ಕಣ್ಣೆದುರು ಕೊಳೆಯೋದು ಬೇಡ, ಒಳ್ಳೇವರಿಗೆ ಕೊಟ್ಬಿಡಿ" ಎಂದರು.

ದಮನ್‌ಹೂರಿನಿಂದ ಹಾಜಿ ಶಿಹಾತಾ ಎಂಬವರು ಫೋನ್ ಮಾಡಿದರು. ಶುಕ್ರವಾರ ನಮಾಜಿನ ನಂತರ ಬರುವುದೆಂದು ಮಾತಾಯಿತು.

ಬಂದವರು ಎಪ್ಪತ್ತೈದರ ಮುದುಕ. ಕುಳ್ಳು, ದಪ್ಪ ಬೆರಳು. ದಾರಿಯಲ್ಲಿ ಕತ್ತೆಗಾಡಿಯೊಂದು ತಾಗಿ ಅವರ ಪಿಕಪ್ಪಿನ ಎಡ ಮಡ್‌ಗಾರ್ಡು ನೆಗ್ಗಿತ್ತು. ಅದನ್ನು ಬೈದುಕೊಳ್ಳುತ್ತಲೇ ಇಳಿದರು. ಅಷ್ಟರಲ್ಲಿ ದಿಸೂಕಿ, ಕೂಟದ ಇಬ್ಬರು, ಬೀದಿಯ ಏಳೆಂಟು ಜನ ಮಳಿಗೆಯ ಮುಂದೆ ಸೇರಿದ್ದರು. ನಾನೂ ಇಸ್ತ್ರಿ ಆರಿಸಿ ಹೋಗಿದ್ದೆ. ಮಳಿಗೆಯ ಹಿಂದೆ ಮೆಟ್ಟಿಲಿಗೆ ತೆರೆಯುವ ಸಣ್ಣ ಬಾಗಿಲೊಂದಿದೆ. ಅದು ಅರ್ಧ ತೆರೆದಿತ್ತು.

ಹಾಜಿ ಎಂಜಿನ್ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಬಾಗಿಲ ಮೇಲೆ ಉದ್ದಕ್ಕೂ ಸವರಿದರು. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಅಲ್ಲಲ್ಲಿ ಅಂಟಿಸಿದರು. ಎಲ್ಲ ಕಡೆಯೂ ಗಟ್ಟಿಯಾಗಿ ಹಿಡಿಯಿತು.

"ಎಲ್ಲೂ ಪುಟ್ಟಿ ಮೆತ್ತಿಲ್ಲ," ಎಂದರು. "ಬರೀ ತಗಡು!"

ಆಮೇಲೆ ನೆಲದ ಮೇಲೆ ಕೂತು ಹಿಂದಿನ ಮಡ್‌ಗಾರ್ಡಿನ ಒಳಗೆ ಕೈ ಹಾಕಿದರು. ಅಂಚಿನ ಮೇಲೆ ಬೆರಳು ಆಡುತ್ತ ಆಡುತ್ತ ತಟ್ಟನೆ ನಿಂತಿತು.

"ಅಂಚನ್ನ ಹೀಗೆ ಎರಡು ಸಲ ಮಡಿಸಿ, ಕಡುಬಿನ ಅಂಚಿನ ಥರ ಸಣ್ಣಸಣ್ಣಗೆ ತಟ್ಟಿ ಕೂರಿಸೋನು ಇಡೀ ಊರಲ್ಲಿ ಒಬ್ಬನೇ ಇದ್ದ. ನಿನಗೆ ಇದನ್ನ ಕಲಿಸಿದ್ದು ಯಾರಪ್ಪಾ?"

ವಗ್ದಿ ಗಂಟಲು ಸರಿಮಾಡಿಕೊಂಡರು. "ನಮ್ಮ ಮಾವ. ಕರ್ಮೂಜಿನ ಉಸ್ತಾ ಬದವಿ."

ಮುದುಕ ಎದ್ದವರೇ ವಗ್ದಿಯನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಕಣ್ಣು ಒದ್ದೆಯಾಗಿತ್ತು. "ಸೈನ್ಯದಿಂದ ಬಂದಮೇಲೆ ಆರು ವರ್ಷ ಆತನ ಅನ್ನ ತಿಂದಿದೀನಿ ಕಣೋ! ದೇವರು ಅವನಿಗೆ ಸ್ವರ್ಗ ಕೊಡಲಿ. ಅವನಿಗೊಬ್ಳು ಮಗಳಿದ್ಳು. ನಾವು ನಾಲ್ಕು ಜನ ಕೂತು ಬಡಿದ್ರೂ ಬಗ್ಗದ್ದನ್ನ ಆ ಹುಡುಗಿ ಒಬ್ಳೇ ನೇರ ಮಾಡೋಳು. ಎಲ್ಲಿದಾಳೆ ಈಗ?"

"ನನ್ನ ಹೆಂಡತಿ ಅವಳೇ," ಎಂದರು ವಗ್ದಿ.

"ಹೌದಾ! ಈಗಲೂ ಸುತ್ತಿಗೆ ಹಿಡೀತಾಳಾ?"

ಎಲ್ಲರೂ ವಗ್ದಿಯ ಮುಖ ನೋಡುತ್ತಿದ್ದರು. ಹಿಂದಿನ ಬಾಗಿಲಿನ ಸಂದಿಯಲ್ಲಿ ಚಹಾದ ತಟ್ಟೆಯ ಅಂಚು ನನಗೆ ಕಾಣುತ್ತಿತ್ತು, ಅದನ್ನು ಹಿಡಿದ ಬೆರಳುಗಳೂ. ವಗ್ದಿಗೂ ಕಾಣುತ್ತಿತ್ತೋ ಇಲ್ಲವೋ ಅಂದು ನನಗೆ ತಿಳಿಯಲಿಲ್ಲ. ಕಾಣುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ಇಲ್ಲ ಎಂದಿದ್ದರೂ ಸಾಕಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ನಕ್ಕರು.

"ಅವಳಾ? ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆಯೋಕೂ ನಾನೇ ಬೇಕು ಹಾಜಿ!"

ದಿಸೂಕಿ ಹೋ ಎಂದು ನಕ್ಕ, ಉಳಿದವರೂ ನಕ್ಕರು. ನಾನೂ ನಕ್ಕೆ. ಆ ತೋಳಿನ ತೂತುಗಳನ್ನು ಮೂರು ವರ್ಷ ಇಸ್ತ್ರಿ ಮಾಡಿದ ನಾನು ಅವರೆಲ್ಲರ ಜೊತೆ ಬಾಯಿ ತೆರೆದು ನಕ್ಕೆ. ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟ ಸದ್ದು ಕೇಳಿತು. ಮೇಲಕ್ಕೆ ಹತ್ತುವ ಚಪ್ಪಲಿಯ ಸದ್ದೂ ಕೇಳಿತು. ನಾನು ಹೋಗಿ ಆ ಚಹಾ ತಂದು ಎಲ್ಲರಿಗೂ ಹಂಚಿದೆ.

ಹಾಜಿ ಮಾತ್ರ ನಕ್ಕಿರಲಿಲ್ಲ. ಚಹಾ ಕುಡಿದು ಲೋಟ ಇಟ್ಟು, ತಮ್ಮ ಪಿಕಪ್ಪಿನ ಕಡೆ ಕೈ ತೋರಿಸಿದರು.

"ಉಸ್ತಾ, ನಲವತ್ತೈದು ವರ್ಷ ಆಯ್ತು ಬದವಿಯ ಪೆಟ್ಟು ಕೇಳಿ. ಆ ಮಡ್‌ಗಾರ್ಡಿಗೆ ನಾಲ್ಕೇ ನಾಲ್ಕು ಹಾಕು. ಕೇಳ್ಕೊಂಡು ಹೋಗ್ತೀನಿ."

ನಮಾಜಿನ ಬಟ್ಟೆಯಲ್ಲಿದ್ದೇನೆ, ಇನ್ನೊಮ್ಮೆ ಎಂದು ವಗ್ದಿ ತಪ್ಪಿಸಿಕೊಳ್ಳಲು ನೋಡಿದರು. ದಿಸೂಕಿ ಬಿಡಬೇಕಲ್ಲ. "ಅಯ್ಯೋ ಹಾಕಿ ಉಸ್ತಾ, ಏನು ನಾಚಿಕೆ!" ಎನ್ನುತ್ತ ತಾನೇ ಒಳಗೆ ಹೋಗಿ ಸುತ್ತಿಗೆ ತಂದು ಕೈಗಿಟ್ಟ. ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗುಂಡು ಇರುತ್ತದೆ, ಅದನ್ನು ತರಬೇಕೆಂದು ಅವನಿಗೂ ಗೊತ್ತಿರಲಿಲ್ಲ, ವಗ್ದಿಗೂ ಹೊಳೆಯಲಿಲ್ಲ. ಬಗ್ಗಿ ಒಳಗಿನಿಂದ ಹೊಡೆದರು. ಎರಡನೆಯ ಪೆಟ್ಟಿಗೆ ನೆಗ್ಗಿದ ಜಾಗದ ಪಕ್ಕದಲ್ಲಿ ಗಂಟು ಎದ್ದಿತು. ಗಂಟನ್ನು ಕೂರಿಸಲು ಹೊರಗಿನಿಂದ ಹೊಡೆದರು. ಬಣ್ಣ ಚಕ್ಕೆಯಾಗಿ ಹಾರಿ, ತಗಡು ಸೀಳಿತು. ಹಣೆಯಿಂದ ಬೆವರು ಇಳಿದು ಕಾಲರ್ ಒದ್ದೆಯಾಯಿತು. ಮತ್ತೂ ಕೈ ಎತ್ತಿದಾಗ ಹಾಜಿ ಮೆಲ್ಲಗೆ ಅವರ ಮಣಿಕಟ್ಟು ಹಿಡಿದು ಸುತ್ತಿಗೆ ತೆಗೆದುಕೊಂಡರು.

"ಬಿಡು, ಶುಕ್ರವಾರ ಕೈ ಓಡಲ್ಲ. ನನಗೂ ಹಾಗೇ ಆಗುತ್ತೆ."

ಜನ ಅದನ್ನು ನಂಬಿದರು. ಹಾಜಿ ಚೌಕಾಸಿ ಮಾಡದೆ, ಹೇಳಿದ ಬೆಲೆಯನ್ನೇ ಕೊಟ್ಟರು. ಜೊತೆಗೆ ಬಂದಿದ್ದ ಅಳಿಯನಿಗೆ ಪಿಕಪ್ ಕೊಟ್ಟು ತಾವು ಪಿಸ್ತಾ ಕಾರಿನಲ್ಲಿ ಕೂತರು. ಹೊರಡುವ ಮೊದಲು ಇಳಿದು, ಕಟ್ಟಡದ ಕೆಳಗೆ ನಿಂತು, ನಾಲ್ಕನೇ ಮಹಡಿಯ ಮುಚ್ಚಿದ ಕಿಟಕಿಯ ಕಡೆ ಮುಖವೆತ್ತಿ ಕೂಗಿದರು:

"ನಿನ್ನ ಕೈಗೆ ಸುಖ ಇರಲಿ, ಬದವಿಯ ಮಗಳೇ!"

ಊಟ ಚಹಾ ಕೊಟ್ಟವರಿಗೆ ನಾವೆಲ್ಲ ಹೇಳುವ ಮಾತದು. ಬೀದಿಯವರು ಚಹಾಕ್ಕೆ ಹೇಳಿದ್ದು ಎಂದುಕೊಂಡರು. ವಗ್ದಿ ಮಾತ್ರ ಖಾಲಿ ಮಳಿಗೆಯ ಶಟರ್ ಎಳೆಯತೊಡಗಿದರು.

ಮನೆಯಲ್ಲಿ ಜಗಳವಾಗಲಿಲ್ಲ. ಆ ರಾತ್ರಿ ಇಹ್ಸಾನ್ ಮುಲುಖಿಯಾ ಸೊಪ್ಪಿನ ಸಾರು, ಅನ್ನ, ಎಂದಿನ ಹಾಗೆ ಬಡಿಸಿದರಂತೆ. ವಗ್ದಿ ಕೆಳಗಿಳಿಯುವುದನ್ನೇ ಬಿಟ್ಟರು. ಮುಂದಿನ ವಾರ ಕೂಟದವನೊಬ್ಬ ತನ್ನ ಕಾರಿನ ಬಾನೆಟ್ ಸರಿಮಾಡಿಸಲು ಹುಡುಕಿಕೊಂಡು ಬಂದಾಗ, ವಗ್ದಿ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಉಳುಕಿದೆ ಎಂದರು. ಎರಡು ದಿನದ ಮೇಲೆ ಬ್ರೆಡ್ಡು ತರಲು ಇಳಿದಾಗ ಆ ಬ್ಯಾಂಡೇಜು ಎಡಗೈಯಲ್ಲಿತ್ತು.

"ಉಸ್ತಾಜ್, ನೋವು ಜಾಗ ಬದಲಾಯಿಸಿದೆ," ಎಂದೆ ನಾನು.

ಕೈ ನೋಡಿಕೊಂಡರು. ನನ್ನ ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಬ್ಯಾಂಡೇಜು ಬಿಚ್ಚಿದರು.

"ನಿನಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ಮತ್ತೆ ಆವತ್ತು ಯಾಕೆ ನಕ್ಕೆ?"

ನಾನು ಮುಂದಿನ ಅಂಗಿಯನ್ನು ಮೇಜಿನ ಮೇಲೆ ಹಾಸಿದೆ. ಅವರು ತಲೆ ಬಗ್ಗಿಸಿದರು. "ಅವಳು ಬಾಗಿಲ ಹಿಂದೆ ಇರೋದು ನೋಡಿದ್ದೆ ಸಾಬಿರ್. ನೋಡೇ ಹೇಳಿದೆ. ಮಾಡಿದ್ದು ಇವಳು ಅಂತ ಆ ಮುದುಕನಿಗೆ ಗೊತ್ತಾಗಿಬಿಡುತ್ತೆ ಅನ್ನೋ ಭಯಕ್ಕೆ ಏನು ಸಿಕ್ತೋ ಅದನ್ನ ಎಸೆದುಬಿಟ್ಟೆ." ಬ್ಯಾಂಡೇಜನ್ನು ಜೇಬಿಗೆ ತುರುಕಿ, "ದಮನ್‌ಹೂರಿಗೆ ಹೋಗ್ತೀನಿ. ಜೊತೆಗೆ ಬರ್ತೀಯಾ? ಒಬ್ಬನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ," ಎಂದರು.

ಬೆಳಗಿನ ರೈಲಿನಲ್ಲಿ ಹೋದೆವು. ಹಾಜಿಯದು ಪೇಟೆಯ ಅಂಚಿನಲ್ಲಿ ಟೈರಿನ ಅಂಗಡಿ. ಪಿಸ್ತಾ ಕಾರು ನೆರಳಿನಲ್ಲಿ ಹತ್ತಿಬಟ್ಟೆ ಹೊದ್ದು ನಿಂತಿತ್ತು. ಮುದುಕ ಕುರ್ಚಿ ಹಾಕಿ, ಹುರುಳಿಕಾಯಿ ಮಾಂಸದ ಸಾರು ಉಂಡೇ ಹೋಗಬೇಕು ಎಂದು ಪಟ್ಟು ಹಿಡಿದರು. ವಗ್ದಿ ಟ್ರಾಮಿನ ಕಾಲದಿಂದ ಶುರುಮಾಡಿದರು. ತಾಯಿಯ ಷರತ್ತು, ಬೀಗರ ಮನೆ, ಎಲ್ಲ ಬಂತು. ಹಾಜಿ ಕೈಯೆತ್ತಿ ತಡೆದರು.

"ನಿನ್ನ ಮೊದಲನೇ ಪೆಟ್ಟಿಗೇ ನನಗೆ ಗೊತ್ತಾಯ್ತು ತಮ್ಮಾ. ನನಗೆ ಹೇಳೋಕೆ ಇಷ್ಟು ದೂರ ಬಂದ್ಯಾ? ನಾನು ನಕ್ಕಿದ್ನಾ ಆವತ್ತು?"

"ಇಲ್ಲ."

"ನಕ್ಕವರು ನಿನ್ನ ಬೀದೀಲಿದಾರೆ. ಇಲ್ಲಿ ಹೇಳಿದ್ರೆ ನಿನಗೆ ಹಗುರ ಆಗಬಹುದು, ಅವಳಿಗೇನಾಯ್ತು?"

ಸಾರು ಉಣ್ಣಲಾಗಲಿಲ್ಲ. ಮಧ್ಯಾಹ್ನದ ರೈಲಿಗೇ ವಾಪಸು ಹೊರಟೆವು.

ಅದರ ಮುಂದಿನ ಶುಕ್ರವಾರ ನಮಾಜು ಮುಗಿಸಿ ಕಾಫಿಖಾನೆ ತುಂಬಿದ್ದಾಗ ವಗ್ದಿ ಬಂದು ದಿಸೂಕಿಯ ಮೇಜಿನ ಪಕ್ಕ ನಿಂತರು. ಮನೆಯಲ್ಲಿ ಮಾತು ಸಿದ್ಧಪಡಿಸಿಕೊಂಡು ಬಂದಿದ್ದರೇನೋ, ಎಲ್ಲ ಮರೆತುಹೋಗಿತ್ತು.

"ಆ ಕಾರು ನಾನು ಮಾಡಿದ್ದಲ್ಲ. ತಗಡಿನ ಕೆಲಸ ಅಷ್ಟೂ ನನ್ನ ಹೆಂಡತಿದು."

ಡಾಮಿನೊ ಆಡುತ್ತಿದ್ದವರು ತಲೆಯೆತ್ತಿದರು. ದಿಸೂಕಿ ಹುಬ್ಬು ಹಾರಿಸಿದ. "ಏನು ಉಸ್ತಾ, ನೆನ್ನೆ ಮನೇಲಿ ಊಟ ಹಾಕ್ಲಿಲ್ವಾ? ಏನೇನು ಹೇಳಿಸ್ತಾರಪ್ಪಾ ಹೆಂಗಸರು!"

ಮತ್ತೆ ನಗೆ. ವಗ್ದಿ ನಿಂತೇ ಇದ್ದರು, ಹೊರಗೆ ಹೋಗಲೂ ಆಗದೆ, ಕೂರಲೂ ಆಗದೆ. ನಿಜ ಹೇಳಿದರೂ ಆ ನಗೆ ಅವರ ಹೆಂಡತಿಯ ಮೇಲೇ ಬೀಳುತ್ತಿತ್ತು. ಆಗ ನಾನು ಎದ್ದೆ.

"ನಿಜ ಕಣೋ ದಿಸೂಕಿ. ಕಿಡಿ ಬಿದ್ದ ತೂತು ಆಕೆಯ ತೋಳಲ್ಲಿತ್ತು, ಇವರ ಅಂಗೀಲಿ ಇರಲಿಲ್ಲ. ನನಗೆ ಮೊದಲಿಂದ ಗೊತ್ತು."

ನಗೆ ನಿಂತಿತು. "ಹಾಗಾದ್ರೆ ಆ ಮುಚ್ಚಳದ ಮಾತು?" ಎಂದು ಮೂಲೆಯಿಂದ ಯಾರೋ ಕೇಳಿದರು.

"ಅದೂ ಸುಳ್ಳು," ಎಂದರು ವಗ್ದಿ. "ನಮ್ಮ ಮನೇಲಿ ಗಟ್ಟಿಯಾದ ಮುಚ್ಚಳ ತೆಗೆಯೋದು ಅವಳೇ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ದಿಸೂಕಿ ಮುಖ ತಿರುಗಿಸಿ, "ಆಟ ಯಾರದು?" ಎಂದ. ಡಾಮಿನೊ ಬಿಲ್ಲೆಗಳ ಸದ್ದು ಮತ್ತೆ ಶುರುವಾಯಿತು.

ಒಳ್ಳೆಯ ಕೆಲಸ ಮಾಡಿದೆವು ಎಂದು ನಾನು ಅಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಇಹ್ಸಾನ್ ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟರು.

"ನೀನೂ ಮಾತಾಡಿದೆಯಂತೆ."

"ಹೌದು ಸಿತ್ ಇಹ್ಸಾನ್."

"ಆ ಮುಚ್ಚಳದ ಮಾತು ಆಡೋವಾಗ ಅವರು ನನ್ನ ಕೇಳ್ಲಿಲ್ಲ. ಸರಿ. ನೆನ್ನೆ ನಿಜ ಹೇಳೋವಾಗ ಕೇಳಿದ್ರಾ? ನೀನು ಕೇಳಿದ್ಯಾ? ಇಬ್ಬರು ಗಂಡಸರು ಸೇರಿ ನನ್ನ ತೋಳಿನ ತೂತನ್ನ ಕಾಫಿಖಾನೆ ಮೇಜಿನ ಮೇಲೆ ಹಾಸಿದ್ರಿ. ಇವತ್ತು ಬೆಳಗ್ಗೆ ಮನ್ಸೂರಾದ ಬೀಗರ ಮನೆಯಿಂದ ಫೋನ್ ಬಂದಿತ್ತು."

ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಕೆಳಗಿದ್ದ ಪರದೆ ಸುಟ್ಟ ವಾಸನೆ ಬಂದಮೇಲೆ ಎಚ್ಚರವಾಯಿತು. ಅವರು ಆಗಲೇ ಹೋಗಿದ್ದರು.

ನಹ್ಲಾಳ ಅತ್ತೆ ಮೂರು ತಿಂಗಳು ಮಾತು ಬಿಟ್ಟರು. ನಹ್ಲಾ ರಂಜಾನಿನ ಉಪವಾಸದ ತಿಂಗಳಲ್ಲಿ ಬರಲಿಲ್ಲ, ಈದ್ ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಬಂದಳು. ಆ ನಡುವೆ ಹಾಜಿಯ ಅಳಿಯ ಇನ್ಯಾವುದೋ ಹಳೆಯ ಕಾರಿನ ಬಾಗಿಲೊಂದನ್ನು ಹೊತ್ತು ತಂದ. ಸಿತ್ ಇಹ್ಸಾನ್ ನೋಡಿ ಆಗುತ್ತದೋ ಇಲ್ಲವೋ ಹೇಳಬೇಕು, ಎಷ್ಟು ತೆಗೆದುಕೊಳ್ಳುತ್ತಾರೆ ಎಂದೂ ಹೇಳಬೇಕು ಎಂದ. ಬೀದಿಯಲ್ಲಿ ಎದುರಾದ ವಗ್ದಿಯನ್ನೇ ಕೇಳಿದ. ಅವರ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. "ಇರು, ಕೇಳ್ಕೊಂಡು ಬರ್ತೀನಿ," ಎಂದು ನಾಲ್ಕು ಮಹಡಿ ಹತ್ತಿದರು. ಅರ್ಧ ಗಂಟೆಯ ಮೇಲೆ ಇಹ್ಸಾನ್ ತಾವೇ ಇಳಿದು ಬಂದರು. ಬಾಗಿಲನ್ನು ಬಿಸಿಲಿಗೆ ಓರೆ ಹಿಡಿದು ನೋಡಿ, "ತಾರಸಿಗೆ ಹೊತ್ಕೊಂಡು ಹೋಗು, ವಾರ ಬಿಟ್ಟು ಬಾ," ಎಂದರು.

ಈಗ ವಾರಕ್ಕೆ ಎರಡು ಬೆಳಗು ತಾರಸಿಯಿಂದ ಸುತ್ತಿಗೆಯ ಸದ್ದು ಬರುತ್ತದೆ. ಕೆಲವರು ಇಹ್ಸಾನ್ ಅವರಿಗೆ ಹೆಚ್ಚು ಗೌರವ ಕೊಡುತ್ತಾರೆ, ಕೆಲವರು ಸಲಾಂ ನಿಲ್ಲಿಸಿದ್ದಾರೆ. ವಗ್ದಿ ಕಾಫಿಖಾನೆಗೆ ಹೋಗುವುದಿಲ್ಲ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಾರೆ. ಯಾರಾದರೂ ಹಳೆಯ ಅಭ್ಯಾಸದಿಂದ ಉಸ್ತಾ ಎಂದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗಿಡುತ್ತಾರೆ.

ಮೊನ್ನೆ ಕೇಳಿದೆ: "ಅವತ್ತಿನದಕ್ಕೆ ಕ್ಷಮೆ ಕೇಳಿದ್ರಾ?"

"ಕೇಳೋಕೆ ಶುರು ಮಾಡಿದೆ. ಅನ್ನ ಆರಿಹೋಗುತ್ತೆ, ಮೊದಲು ಉಣ್ಣಿ ಅಂದ್ಳು."

"ಆಮೇಲೆ?"

"ಉಂಡೆ," ಎಂದರು ವಗ್ದಿ. "ಆಮೇಲೆ ಮತ್ತೆ ಶುರು ಮಾಡೋ ಧೈರ್ಯ ಬರಲಿಲ್ಲ."